ನೆಲಿದಾಳ ಮೊದಲ ಕೂದಲು

ಕಸಿಮಿರಾಳ ಮಗಳು ನೆಲಿದಾಗೆ ಹಾಲುಹಲ್ಲು ಬೀಳುವ ವಯಸ್ಸು ಬಂದರೂ ಜವಳ ಆಗಿರಲಿಲ್ಲ. ಪುಕಾಪಾತದಂಥ ಬೆಟ್ಟದೂರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಹುಟ್ಟುಗೂದಲು ಬಾಚಣಿಗೆ ಕಾಣದೆ ಗಂಟುಗಂಟಾಗಿ ಹುಡುಗಿಯ ಬೆನ್ನ ಮೇಲೆ ಕುರಿಬಾಲದ ಹಾಗೆ ಜೋತಾಡುತ್ತಿತ್ತು. ಅವಳು ಓಡಿದರೆ ಅದೂ ಹಿಂದಿನಿಂದ ಓಡಿಬರುತ್ತಿತ್ತು.

ಒರತೆಗೆ ನೀರಿಗೆಂದು ಬಂದ ಹೆಂಗಸರು ಸುಮ್ಮನಿರುತ್ತಾರೆಯೇ?

"ಏನೇ ಕಸಿಮಿರಾ, ಮಗಳ ತಲೇಲಿ ಹಕ್ಕಿಗೆ ಗೂಡು ಕಟ್ಟೋಕೆ ಬಿಟ್ಟು ಬಾಡಿಗೆ ವಸೂಲ್ ಮಾಡ್ತಿದೀಯೇನೇ?"

"ಬಾಡಿಗೆ ಬಂದ್ರೆ ನಿನಗೂ ಒಂದು ಪಾಲು ಕೊಡ್ತೀನಿ, ಸುಮ್ನಿರೇ."

"ನಗ್ಬೇಡ ನೀನು. ಮೊನ್ನೆ ನಮ್ಮ ಹೆಣ್ಣುಕುರಿ ಅವಳನ್ನ ಮೂಸಿ ನೋಡಿ, ತನ್ನ ಮರಿ ಅಂತ ಹಿಂದೇನೇ ಹೊರಟಿತ್ತು!"

ಕಸಿಮಿರಾ ಎಲ್ಲರಿಗಿಂತ ಜೋರಾಗಿ ನಕ್ಕು, ಕೊಡ ಎತ್ತಿಕೊಂಡು ಹೊರಡುತ್ತಿದ್ದಳು. ಮನೆಯ ತಿರುವು ದಾಟಿದ ಮೇಲೆ ಆ ನಗು ಅವಳ ಮುಖದಲ್ಲಿ ಇರುತ್ತಿರಲಿಲ್ಲ.

ಮೊದಲ ಗಂಟಿಗೆ ಯಾರು ಕತ್ತರಿ ಹಾಕುತ್ತಾರೋ ಅವರು ಮಗುವಿನ ಜವಳದ ತಾಯಿ, ಇಲ್ಲವೇ ತಂದೆ. ಅವರು ಒಂದು ಹೆಣ್ಣು ಕುರಿಮರಿ ಕೊಡಬೇಕು. ಉಳಿದ ನೆಂಟರು ಒಂದೊಂದು ಗಂಟು ಕತ್ತರಿಸಿ ಕೈಲಾದ್ದು ಕೊಡುತ್ತಾರೆ. ಆ ಮರಿಗಳು ಬೆಳೆದು ಈದು ಆಗುವ ಹಿಂಡು ಮಗುವಿನ ಸ್ವಂತದ್ದು, ಹೆತ್ತಪ್ಪನೂ ಮುಟ್ಟುವಂತಿಲ್ಲ. ಕತ್ತರಿಸಿದ ಕೂದಲನ್ನು ಜವಳದ ತಾಯಿ ಬಟ್ಟೆಯಲ್ಲಿ ಕಟ್ಟಿ ತನ್ನ ಮನೆಗೆ ಒಯ್ಯುತ್ತಾಳೆ. ಅಲ್ಲಿಂದಾಚೆಗೆ ಮಗುವಿನ ಮೇಲೆ ಅವಳಿಗೂ ಹೆತ್ತವಳಷ್ಟೇ ಹಕ್ಕು. ಅವಳು ಕರೆದರೆ ಕಳಿಸಬೇಕು. ಇಲ್ಲ ಎನ್ನುವ ಬಾಯಿ ಪುಕಾಪಾತದಲ್ಲಿ ಯಾರಿಗೂ ಇಲ್ಲ.

ಮಗ ಎಲ್ಮೆರ್‌ನ ಜವಳಕ್ಕೆ ಯೋಚಿಸಬೇಕಾಗಿಯೇ ಬರಲಿಲ್ಲ. ಕಸಿಮಿರಾಳ ಗಂಡ ಲಿಬೊರಿಯೊನ ಅಣ್ಣ ತಾನಾಗಿ ಬಂದು ಕತ್ತರಿ ಹಿಡಿದ. ಗಂಡುಹುಡುಗನಿಗೆ ಕೊಟ್ಟ ಕುರಿ ಎಲ್ಲಿಗೆ ಹೋದೀತು? ಈ ದೊಡ್ಡಿಯಿಂದ ಆ ದೊಡ್ಡಿಗೆ. ಹೆಣ್ಣಿಗೆ ಕೊಟ್ಟದ್ದು ಹಾಗಲ್ಲ, ಮದುವೆಯಾದ ದಿನ ಹಿಂಡು ಅವಳ ಬೆನ್ನಿಗೇ ಬೇರೆ ಊರಿನ ಬೆಟ್ಟ ಹತ್ತುತ್ತದೆ. ಅದಕ್ಕೇ ಹೆಣ್ಣುಮಗುವಿನ ಜವಳ ಎಂದರೆ ನೆಂಟರಿಗೆಲ್ಲ ಅವತ್ತೇ ಏನಾದರೊಂದು ಕೆಲಸ ನೆನಪಾಗುತ್ತದೆ. ಆಮೇಲೆ ಉಳಿಯುವವರು ಪೇಟೆಯವರು. ಅವರು ಖುಷಿಯಿಂದಲೇ ಬರುತ್ತಾರೆ. ಯಾಕೆ ಬರುತ್ತಾರೆ ಎನ್ನುವುದು ಕಸಿಮಿರಾಗೆ ಗೊತ್ತಿತ್ತು.

ಅವಳ ಮೊದಲ ಕೂದಲು ಕತ್ತರಿಸಿದ್ದು ರಾಜಧಾನಿ ಲಿಮಾದ ಎರ್ನೆಸ್ತಿನಾ ಅಮ್ಮನವರು. ಗಂಡನದು ಬಟ್ಟೆ ಅಂಗಡಿ. ಕುರಿಮರಿಯ ಬದಲು ಒಂದು ಕೆಂಪು ಕಂಬಳಿ ಹೊದಿಸಿ, ಹಣೆಗೆ ಮುತ್ತಿಟ್ಟು, ಕೂದಲು ಕಟ್ಟಿಕೊಂಡು ಹೋದರು. ಹುಡುಗಿ ಕುರಿ ಕಾಯುವಷ್ಟಾದಾಗ ಮತ್ತೆ ಬಂದರು. "ನನ್ನ ಮಗಳನ್ನ ಕರ್ಕೊಂಡು ಹೋಗ್ತೀನಿ, ಶಾಲೆಗೆ ಹಾಕ್ತೀನಿ" ಎಂದರು. ಕಸಿಮಿರಾಳ ಅಪ್ಪ ಟೋಪಿ ತೆಗೆದು ಎದೆಗಿಟ್ಟುಕೊಂಡು ಅತ್ತ. ಸಂತೋಷಕ್ಕೆ ಅತ್ತದ್ದು.

ಆ ಮನೆಯಲ್ಲಿ ಅವಳ ಜಾಗ ಮೆಟ್ಟಿಲಿನ ಕೆಳಗೆ. ಬೆಳಗಾದರೆ ನೆಲ ಒರೆಸು, ಬಟ್ಟೆ ಒಗೆ, ಕೋಳಿ ಕುಯ್ಯಿ. ಶಾಲೆಗೂ ಹೋದಳು, ಸುಳ್ಳಲ್ಲ. ಎರ್ನೆಸ್ತಿನಾ ಅಮ್ಮನವರ ಮಗಳು ಮಾಗ್ದಾಳ ಚೀಲ ಹೊತ್ತು ದಿನಾ ಗೇಟಿನವರೆಗೆ ಹೋದಳು. ಅಲ್ಲಿ ಮಾಗ್ದಾ ಚೀಲ ತೆಗೆದುಕೊಳ್ಳುತ್ತಿದ್ದಳು, ಗೇಟು ಮುಚ್ಚುತ್ತಿತ್ತು. ಹಸಿರು ಗೇಟು, ಕೆಳಗೆ ತುಕ್ಕು ಹಿಡಿದಿತ್ತು. ಶಾಲೆಯ ವಿಷಯದಲ್ಲಿ ಕಸಿಮಿರಾ ಕಲಿತದ್ದು ಅಷ್ಟು. ಅಂಗಡಿಗೆ ಬಂದವರೊಬ್ಬರು ಹುಡುಗಿಗೆ ಸಂಬಳ ಏನು ಕೊಡ್ತೀರಿ ಎಂದು ಕೇಳಿದಾಗ ಎರ್ನೆಸ್ತಿನಾ ಅಮ್ಮನವರಿಗೆ ನಿಜವಾಗಿಯೂ ಬೇಜಾರಾಯಿತು. "ಮಗಳಿಗೆ ಯಾರಾದ್ರೂ ಸಂಬಳ ಕೊಡ್ತಾರೇನ್ರೀ?" ಎಂದರು. ಬೀದಿಯ ಹುಡುಗರು "ಬೆಟ್ಟದವಳೇ, ಬೆಟ್ಟದವಳೇ, ನಿನ್ನ ಲಾಮಾ ಎಲ್ಲಿ ಕಟ್ಟಿದೀಯ?" ಎಂದು ಬೆಟ್ಟದ ಹೊರೆಪ್ರಾಣಿಯ ಹೆಸರೆತ್ತಿ ಕೂಗುತ್ತಿದ್ದರು. ಧೂಳು ಹೊಡೆಯುವಾಗ ಅವಳು ಪ್ರತಿ ಬೀರುವಿನಲ್ಲೂ ತನ್ನ ಕೂದಲಿನ ಗಂಟು ಹುಡುಕುತ್ತಿದ್ದಳು. ಅದು ಎಲ್ಲಿಯೂ ಸಿಗಲಿಲ್ಲ.

ಎದೆ ಮೂಡುವ ವಯಸ್ಸಿಗೆ ಬಂದ ಮೇಲೆ ಆ ಮನೆಯ ಯಜಮಾನನಿಗೆ ಮೆಟ್ಟಿಲ ಕೆಳಗಿನ ಜಾಗ ನೆನಪಾಗತೊಡಗಿತು. ಅದನ್ನು ಕಸಿಮಿರಾ ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಅವಳಿಗೆ ಅಲ್ಲಿ ಇದ್ದದ್ದು ಒಬ್ಬಳೇ ತಾಯಿ, ಎರ್ನೆಸ್ತಿನಾ ಅಮ್ಮನವರು. ಅವರು ಒಂದು ಬೆಳಗ್ಗೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಬಟ್ಟೆಯ ಗಂಟು ಕೈಗಿಟ್ಟು, ಬಸ್ಸು ಹತ್ತಿಸಿದರು. ಊರಿನಲ್ಲಿ ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಹೊಟ್ಟೆ ನೋಡಿದವರಿಗೆ ಕೇಳುವ ಅಗತ್ಯ ಇರಲಿಲ್ಲ.

ಹೆಣ್ಣುಮಗು. ಒಂದು ತಿಂಗಳೂ ತುಂಬುವ ಮೊದಲೇ ಉಸಿರಾಡಲು ಕಷ್ಟಪಡತೊಡಗಿತು. ವೈದ್ಯರು ಇದ್ದದ್ದು ಕೆಳಗಿನ ಪೇಟೆಯಲ್ಲಿ. ಆಗ ರಸ್ತೆ ಇರಲಿಲ್ಲ. ಮಗು ಉಳಿಯುವುದಿಲ್ಲ ಎಂದು ಗೊತ್ತಾದಾಗ ಮಾತ್ರ ಪುಕಾಪಾತದಲ್ಲಿ ಹೆತ್ತವಳು ತಾನೇ ಕತ್ತರಿ ಹಿಡಿಯುತ್ತಾಳೆ. ಮಗು ಹುಟ್ಟುಗೂದಲಿನೊಂದಿಗೆ ಮಣ್ಣಿಗೆ ಹೋಗಬಾರದು. ಇನ್ನಾವ ತಾಯಿಯೂ ಯಾವ ಕಾರಣಕ್ಕೂ ತನ್ನ ಮಗುವಿನ ಕೂದಲು ಕತ್ತರಿಸುವುದಿಲ್ಲ. ಕಸಿಮಿರಾ ಕತ್ತರಿಸಿದಳು. ಅಷ್ಟು ಪುಟ್ಟ ತಲೆಯಲ್ಲಿ ಕತ್ತರಿಸಲು ಏನಿತ್ತು?

ಆಮೇಲೆ ಲಿಬೊರಿಯೊ ಅವಳನ್ನು ಮದುವೆಯಾದ. ಕೆಟ್ಟವನಲ್ಲ. ಕುಡಿದರೆ ಹಾಡುತ್ತಿದ್ದ, ಹೊಡೆಯುತ್ತಿರಲಿಲ್ಲ. ಅವನ ತಾಯಿ ಬೆನಿತಾ ಮಾತ್ರ ಸೊಸೆಯನ್ನು "ಲಿಮಾ ರಾಣಿ" ಎಂದೇ ಕರೆದಳು. "ಲಿಮಾ ರಾಣಿಗೆ ಸಗಣಿ ಮುಟ್ಟೋಕೆ ಅಸಹ್ಯವೋ ಏನೋ" ಎನ್ನುತ್ತ ತಾನೂ ಪಕ್ಕದಲ್ಲಿ ಕೂತು ಬೆರಣಿ ತಟ್ಟುತ್ತಿದ್ದಳು.

ಹೀಗಿರುವಾಗ ಊರಿಗೆ ರಸ್ತೆ ಬಂತು. ಉಣ್ಣೆ ಮಾರಲು ಲಾರಿ ಹತ್ತಿ ಪೇಟೆಗೆ ಹೋದ ಲಿಬೊರಿಯೊ ಮುಖವೆಲ್ಲ ಬೆಳಕು ಮಾಡಿಕೊಂಡು ಬಂದ.

"ಯಾರು ಸಿಕ್ಕಿದ್ರು ಹೇಳು ನೋಡೋಣ? ಮಾಗ್ದಾ ಅಮ್ಮಾವ್ರು! ನಿನ್ನ ಜವಳದ ತಾಯಿ ಮಗಳು, ಲಿಮಾದಿಂದ ಬಂದಿದ್ರು. ಎಷ್ಟು ಪ್ರೀತಿಯಿಂದ ಮಾತಾಡ್ಸಿದ್ರು ಅಂತೀಯ. ನಮ್ಮ ನೆಲಿದಾ ಜವಳಕ್ಕೆ ಅವರೇ ಕತ್ತರಿ ಹಾಕ್ತಾರಂತೆ."

ಕಸಿಮಿರಾಳ ಕೈಯಲ್ಲಿ ತಿರುಗುತ್ತಿದ್ದ ಕದಿರು ನಿಂತಿತು. "ನೀನೇನಂದೆ?"

"ಏನಂತಾರೆ? ಮಾತು ಕೊಟ್ಟು ಬಂದೆ."

"ಯಾರ್ನ ಕೇಳಿ ಕೊಟ್ಟೆ?"

"ಹೋಗಿ ನಿನ್ನ ಕುರಿಗಳನ್ನ ಕೇಳ್ಕೊಂಡು ಬರಬೇಕಿತ್ತಾ? ನಿನ್ನ ನೆಂಟರು ಯಾರು ಬರ್ತಾರೆ ಹೇಳು. ಒಬ್ರ ಹೆಸರು ಹೇಳು, ನಾಳೇನೇ ಮಾಡಿಬಿಡೋಣ."

ಅವಳು ಸಬೀನಾಳ ಮನೆಗೆ ಹೋದಳು. ಸಬೀನಾ ಅವಳ ದೊಡ್ಡಮ್ಮನ ಮಗಳು, ಚಿಕ್ಕಂದಿನಲ್ಲಿ ಒಂದೇ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದವರು. ಸಬೀನಾ ಬಿಸಿ ಆಲೂಗಡ್ಡೆ ಮುಂದಿಟ್ಟಳು, ಉಪ್ಪುಖಾರದ ಬಟ್ಟಲು ಸರಿಸಿದಳು. ವಿಷಯ ಕೇಳಿದ ಮೇಲೆ ತನ್ನ ಪಾಲಿನ ಆಲೂಗಡ್ಡೆಯ ಸಿಪ್ಪೆಯನ್ನು ಬಹಳ ಹೊತ್ತು ಸುಲಿದಳು.

"ನನ್ನ ಕೈಲಿ ಕತ್ತರಿ ಇದೆ ಕಸಿ. ಕುರಿ ಕೊಡೋ ಕೈ ನನ್ನ ಗಂಡಂದು. ಹೆಣ್ಣುಮಗೂಗೆ ಮರಿ ಕೊಡ್ತೀನಿ ಅಂದ್ರೆ ನನ್ನ ಚರ್ಮಾನೇ ಸುಲಿದು ಕೊಡು ಅಂತಾನೆ."

"ಮರಿ ಬೇಡ. ಬರೀ ಕತ್ತರಿ ಹಾಕು ಸಾಕು."

"ಬರಿಗೈಲಿ ಜವಳ ಮಾಡಿದೋಳು ಅಂತ ಊರೆಲ್ಲ ನನ್ನ ಮುಖಕ್ಕೆ ಉಗೀಲಿ ಅಂತನಾ?" ಎಂದು ನಕ್ಕು, ಆಮೇಲೆ ನಗು ಬಿಟ್ಟು, "ಹೋಗ್ಲಿ ಬಿಡೇ. ನನ್ನ ಯೆನಿಗೆ ಯಾರಾದ್ರೂ ಹೀಗೆ ಲಿಮಾಕ್ಕೆ ಕರ್ದಿದ್ರೆ ನಾನು ಓಡೋಡಿ ಕಳಿಸ್ತಿದ್ದೆ" ಎಂದಳು. ಯೆನಿ ಅವಳ ಮಗಳು. ಬಾಗಿಲಲ್ಲಿ ಕೂತು ತಮ್ಮನ ಮೂಗು ಒರೆಸುತ್ತಿದ್ದಳು.

ಕಸಿಮಿರಾ ಬೇರೆ ಮನೆಗಳ ಬಾಗಿಲಿಗೂ ಹೋದಳು. ಎಲ್ಲರೂ ಕೂರಿಸಿದರು, ಉಪಚರಿಸಿದರು. ಯಾರೂ ಹ್ಞೂಂ ಅನ್ನಲಿಲ್ಲ.

ಚಳಿ ಕೊರೆಯುವ ತಿಂಗಳು ಬಂತು. ರಾತ್ರಿಯ ಹಿಮಕ್ಕೆ ಹರಡಿದ ಆಲೂಗಡ್ಡೆಯನ್ನು ಬೆಳಗ್ಗೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸಿಡುವ ಕೆಲಸ. ಅತ್ತೆ ಸೊಸೆ ಎದುರುಬದುರಾಗಿ ತುಳಿಯುತ್ತಿದ್ದರು. ಬೆನಿತಾ ಇದ್ದಕ್ಕಿದ್ದಂತೆ ಹೇಳಿದಳು:

"ನನಗೇನೂ ಗೊತ್ತಿಲ್ಲ ಅಂದ್ಕೊಂಡಿದೀಯಾ? ಬೆಟ್ಟದ ಈಚೆಗೆಲ್ಲ ಸೂಲಗಿತ್ತಿ ಅಂತ ಇದ್ದೋಳು ನನ್ನ ತಂಗಿ. ಆ ಮಗು ಹುಟ್ಟಿದಾಗ ನಿನ್ನ ಬಾಯಲ್ಲಿ ಬಂದ ಹೆಸರು ಯಾವುದು ಅಂತ ಅವಳು ನನಗೆ ಹೇಳಿದಾಳೆ."

ಕಸಿಮಿರಾಳ ಕಾಲು ನಿಂತಿತು.

"ನಿಲ್ಬೇಡ, ತುಳಿ. ನಿಂತ್ರೆ ಕಾಲು ಸೆಟೆದು ಹೋಗುತ್ತೆ."

"ಗೊತ್ತಿದ್ದೂ ಕಳಿಸು ಅಂತೀಯಾ ಅತ್ತೆ?"

"ಇಲ್ಲಿ ಇಟ್ಕೊಂಡು ಏನು ಮಾಡ್ತೀಯ? ನಮ್ಮೂರ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತೆ. ಎಲ್ಮೆರ್ ಪೇಟೇಲಿ ರೂಮ್ ಮಾಡ್ಕೊಂಡು ಮುಂದೆ ಓದ್ತಾನೆ, ಗಂಡು. ಹೆಣ್ಣನ್ನ ಒಬ್ಬಳೇ ಪೇಟೇಲಿ ಬಿಟ್ರೆ ಮಾರನೇ ದಿನ ಊರೆಲ್ಲ ಅವಳ ಮೇಲೆ ಕಥೆ ಕಟ್ಟುತ್ತೆ. ಇಲ್ಲೇ ಇದ್ರೆ ನನ್ನಂಗೆ ಆಗ್ತಾಳೆ. ನೋಡು ನನ್ನನ್ನ. ಹೆತ್ತಿದ್ರಲ್ಲಿ ಅರ್ಧ ಮಣ್ಣಿಗೆ ಹಾಕಿದೀನಿ. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ್ರೂ ಗೊತ್ತಾಗಲ್ಲ. ಅಲ್ಲಿಗೆ ಹೋದ್ರೆ ನಿನ್ನಂಗೆ ಆಗ್ತಾಳೆ. ಎರಡ್ರಲ್ಲಿ ಯಾವುದು ಬೇಕು, ನೀನೇ ಹೇಳು."

ಕಸಿಮಿರಾ ಬಿಸಿಲೇರಿ ಹಿಮ ಕರಗುವವರೆಗೂ ತುಳಿದಳು.

ಮಾಗ್ದಾ ಬಿಳೀ ಜೀಪಿನಲ್ಲಿ ಬಂದಳು, ಜವಳಕ್ಕೆ ಹಿಂದಿನ ದಿನವೇ. ಬಂದವಳು ಮೊದಲು ಮಾಡಿದ ಕೆಲಸ ಕಸಿಮಿರಾಳನ್ನು ಅಪ್ಪಿಕೊಂಡದ್ದು. ಅವಳ ಮೈಯಲ್ಲಿ ಅದೇ ಸೋಪಿನ ವಾಸನೆ.

"ನನ್ನ ಚೀಲ ಹೊತ್ಕೊಂಡು ಬರ್ತಿದ್ದೆ, ನೆನಪಿದೆಯಾ ಕಸಿ? ನಾವಿಬ್ರೂ ಅಕ್ಕತಂಗಿಯರ ಹಾಗೆ ಬೆಳೆದ್ವಿ. ಅಮ್ಮ ಹೋಗ್ಬಿಟ್ರು. ಅಪ್ಪನೂ ಹೋದ್ರು. ಕೊನೇ ದಿನಗಳಲ್ಲಿ ಅವರು ಒಂದ್ಸಲ ನಿನ್ನ ಹೆಸರು ಹೇಳಿ ಕೇಳಿದ್ರು, ಆ ಹುಡುಗಿ ಏನಾದಳು ಅಂತ."

"ಏನೂ ಆಗ್ಲಿಲ್ಲ ಅಂತ ಹೇಳ್ಬೇಕಿತ್ತು ಅಮ್ಮಾವ್ರೇ."

ಮಾಗ್ದಾ ಅವಳ ಮುಖ ನೋಡಿದಳು. ಅವಳಿಗೆ ಏನಾದರೂ ಗೊತ್ತಿತ್ತೋ ಇಲ್ಲವೋ, ಆ ನೋಟದಿಂದ ಹೇಳುವ ಹಾಗಿರಲಿಲ್ಲ. ಮರುಕ್ಷಣ ಅವಳು ಪೆಟ್ಟಿಗೆ ತೆರೆದು ನೆಲಿದಾಳನ್ನು ಹತ್ತಿರ ಕರೆದಳು. ಒಳಗೆ ನೀಲಿ ಲಂಗ, ಬಿಳೀ ಅಂಗಿ, ನಿಜವಾದ ಶಾಲೆಯ ಬಟ್ಟೆ. ಅದರ ಕೆಳಗೆ ಕಪ್ಪು ಶೂ, ಮುಖ ಕಾಣುವಷ್ಟು ಹೊಳಪು. ನೆಲಿದಾ ಇನ್ನೂ ಹಾಕಿಕೊಳ್ಳಲಿಲ್ಲ. ಒಂದರಲ್ಲಿ ಕೈ ತೂರಿಸಿ, ಒಳಗಿನ ಮೆತ್ತೆಯನ್ನು ಮುಟ್ಟಿ ನೋಡಿ, ಅಮ್ಮನ ಕಡೆ ತಿರುಗಿ ನಕ್ಕಳು. ಮುಂದಿನ ಹಲ್ಲು ಬಿದ್ದ ನಗು.

"ಶಾಲೆಗೆ ಹಾಕ್ತೀರಾ?" ಕಸಿಮಿರಾ ಕೇಳಿದಳು.

"ಹಾಕ್ದೇ ಇರ್ತೀನಾ? ಮನೇಲಿ ಒಂದಿಷ್ಟು ಕೈ ಆಡಿಸ್ತಾಳೆ, ಸಂಜೆ ಶಾಲೆಗೆ ಹೋಗ್ತಾಳೆ. ನನ್ನ ಮಕ್ಕಳ ಜೊತೆ ತಾನೂ ಒಂದು ಮಗು."

"ಮಲಗೋದು?"

"ಎಲ್ಲಾದ್ರೂ ಹಾಸಿ ಕೊಟ್ರಾಯ್ತು. ಅದೇ ಮನೆ ಕಣೇ, ನಿನಗೆ ಗೊತ್ತಲ್ಲ, ಬೇಕಾದಷ್ಟು ಜಾಗ."

ಲಿಬೊರಿಯೊ ಹಿಂದಿನಿಂದ ಹೆಂಡತಿಯ ಶಾಲು ಜಗ್ಗಿದ, ಸಾಕು ಕೇಳಿದ್ದು ಎನ್ನುವಂತೆ.

ಜವಳದ ಬೆಳಗ್ಗೆ ಮಗುವಿನ ಕೂದಲನ್ನು ಒರತೆಯ ನೀರಿನಲ್ಲಿ ನೆನೆಸಿ ತರುವುದು ತಾಯಿಯ ಕೆಲಸ. ಕಸಿಮಿರಾ ನೆಲಿದಾಳ ಕೈ ಹಿಡಿದು ಹೊರಟಾಗ ಅಂಗಳದಲ್ಲಿ ಮುಸುಕಿನ ಜೋಳದ ಹೆಂಡ ಚಿಚಾ ಬಗ್ಗಿಸುತ್ತಿದ್ದರು. ಕೊಳಲು ಡೋಲಿನವರು ಬಂದಾಗಿತ್ತು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಅವಳ ಬೆನ್ನಿನ ಬಟ್ಟೆಯೊಳಗಿತ್ತು.

ನೀರು ಹಲ್ಲು ಕಡಿಸುವಷ್ಟು ತಣ್ಣಗಿತ್ತು. ನೆಲಿದಾ ಮೊಣಕಾಲೂರಿ ಕೂತು ತಲೆ ಬಗ್ಗಿಸಿ, "ಅಮ್ಮಾ, ಲಿಮಾದಲ್ಲೂ ಇಷ್ಟು ತಣ್ಣಗಿರುತ್ತಾ ನೀರು?" ಎಂದು ಕೇಳಿದಳು.

"ಇಲ್ಲ ಮಗಾ. ಅಲ್ಲಿ ನಲ್ಲಿ ತಿರುಗಿಸಿದ್ರೆ ಬರುತ್ತೆ."

"ಶೂ ಹಾಕ್ಕೊಂಡ್ರೆ ಕಾಲಿಗೆ ಚಳೀನೇ ಆಗಲ್ವಂತೆ."

"ಆಗಲ್ಲ."

ಕಸಿಮಿರಾಗೆ ಬೇರೆ ದಾರಿ ಇದ್ದಿದ್ದರೆ ಆ ಕತ್ತರಿ ಬಟ್ಟೆಯೊಳಗೇ ಇರುತ್ತಿತ್ತು. ಇರಲಿಲ್ಲ. ಮೊದಲ ಗಂಟು ದಪ್ಪವಾಗಿತ್ತು, ಕತ್ತರಿ ಕಚ್ಚಿ ಕಚ್ಚಿ ಸಾಗಿತು. ನೆಲಿದಾ ಕಿರುಚಲಿಲ್ಲ. ಕಿವಿಯ ಹತ್ತಿರ ಕಬ್ಬಿಣದ ಸದ್ದು ಕೇಳಿದ ಕೂಡಲೇ ಅವಳ ಮೈ ಗಟ್ಟಿಯಾಯಿತು. ಊರಿನ ಯಾವ ಮಗುವಿಗೆ ಗೊತ್ತಿಲ್ಲ, ಅಮ್ಮ ಕತ್ತರಿ ಹಿಡಿದರೆ ಅದರ ಅರ್ಥವೇನೆಂದು?

"ಅಮ್ಮಾ, ನಾನು ಸಾಯ್ತೀನಾ?"

"ಇಲ್ಲ. ನೀನು ಇಲ್ಲೇ ಇರ್ತೀಯ."

ಅಂಗಳಕ್ಕೆ ಬೋಳುತಲೆಯ ಹುಡುಗಿ ಬಂದಾಗ ಮೊದಲು ಕೊಳಲು ನಿಂತಿತು, ಆಮೇಲೆ ಡೋಲು. ಬೆನಿತಾ ಎದೆ ಬಡಿದುಕೊಂಡು ನೆಲಕ್ಕೆ ಕುಸಿದಳು. "ಬದುಕಿರೋ ಮಗೂನ ಸಾಯಿಸಿಬಿಟ್ಟೆಯಲ್ಲೇ ಪಾಪೀ!" ಎಂದು ಸತ್ತ ಮನೆಯ ಗೋಳನ್ನೇ ತೆಗೆದಳು. ಅದನ್ನು ಕೇಳಿದ ಇತರ ಮುದುಕಿಯರೂ ಶುರುಮಾಡಿದರು. ಲಿಬೊರಿಯೊ ಮದುವೆಯಾದಾಗಿನಿಂದ ಎತ್ತದ ಕೈ ಅವತ್ತು ಎತ್ತಿದ. ಯಾರೂ ಬಿಡಿಸಲಿಲ್ಲ. ಅವನ ಅಣ್ಣನ ಹೆಂಡತಿ ಮರಿ ಕೊಡಲು ತಂದಿರಲಿಲ್ಲ. ತಂದಿದ್ದ ಒಂದು ಕೋಳಿಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡಳು. ಸತ್ತವಳ ಲೆಕ್ಕಕ್ಕೆ ಸೇರಿದ ಹುಡುಗಿಗೆ ಯಾರು ಏನು ಕೊಡುತ್ತಾರೆ?

ಮಾಗ್ದಾ ಕೈಯಲ್ಲಿ ರಿಬ್ಬನ್ ಕಟ್ಟಿದ ಪುಟ್ಟ ಕತ್ತರಿ ಹಿಡಿದುಕೊಂಡೇ ನಿಂತಿದ್ದಳು. "ಇವರನ್ನ ಉದ್ಧಾರ ಮಾಡೋಕಾಗಲ್ಲ" ಎಂದು ಯಾರಿಗೋ ಪೇಟೆಯ ಭಾಷೆಯಲ್ಲಿ ಹೇಳಿದಳು. ಅದು ಕಸಿಮಿರಾಗೂ ಅರ್ಥವಾಯಿತು. ಆ ಭಾಷೆಯನ್ನಾದರೂ ಅವಳು ಆ ಮನೆಯಲ್ಲಿ ಕಲಿತಿದ್ದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಂದ ಜೀಪು ಬರಿದಾಗಿ ಹಿಂದಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಿಬೊರಿಯೊನ ಅಣ್ಣ ಮಾಗ್ದಾಳನ್ನು ಸಬೀನಾಳ ಮನೆಗೆ ಕರೆದೊಯ್ದ. ಜವಳ ಎಂದೋ ಆದ ಹುಡುಗಿಯಾದರೆ ಏನಂತೆ, ಒಂದು ಕೈ ಕೆಲಸಕ್ಕೆ ಬೇಕಿತ್ತು ಅಷ್ಟೆ. ಶೂ ಯೆನಿಯ ಕಾಲಿಗೆ ಸ್ವಲ್ಪ ಬಿಗಿಯಾಯಿತು.

ಕಸಿಮಿರಾ ಒಡೆದ ತುಟಿಯಲ್ಲೇ ಓಡಿದಳು. ಜೀಪಿನ ಪಕ್ಕ ಸಬೀನಾಳ ತೋಳು ಹಿಡಿದು, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು, ಮೆಟ್ಟಿಲ ಕೆಳಗಿನದ್ದನ್ನು, ಯಜಮಾನನದ್ದನ್ನು, ಮಣ್ಣಿಗೆ ಹೋದ ಮಗುವಿನದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು.

ಸಬೀನಾ ಆಶ್ಚರ್ಯಪಡಲಿಲ್ಲ. ಅದೇ ಕಸಿಮಿರಾಗೆ ಹೊಡೆತಕ್ಕಿಂತ ಹೆಚ್ಚು ನೋವಾದದ್ದು.

"ಗೊತ್ತು ಕಣೇ. ಎಲ್ಲರಿಗೂ ಗೊತ್ತು. ಆ ಮುದುಕ ಸತ್ತೋದ್ನಲ್ಲ."

"ಮೆಟ್ಟಿಲು ಸತ್ತಿಲ್ಲ ಸಬೀನಾ. ಅದರ ಕೆಳಗಿನ ಜಾಗ ಹಾಗೇ ಇದೆ."

"ಬಿಡು ಕೈ. ನಿನ್ನ ಮಗಳಿಗೆ ಬೇಡ ಅಂದೆ, ಸರಿ. ನನ್ನ ಮಗಳ ಅನ್ನಕ್ಕೂ ಕಲ್ಲು ಹಾಕ್ಬೇಡ." ಹಾಗೆಂದವಳು ಜೀಪು ಹೊರಟಾಗ ಅದರ ಹಿಂದೆ ಓಡಿದಳು, ಧೂಳು ಕಣ್ಣು ತುಂಬುವವರೆಗೂ ಓಡಿದಳು. ಯೆನಿ ಗಾಜಿಗೆ ಮೂಗು ಒತ್ತಿ ಕೂತಿದ್ದಳು.

ಮೊದಮೊದಲು ಲಾರಿಯವರ ಕೈಲಿ ಸುದ್ದಿ ಬರುತ್ತಿತ್ತು: ಯೆನಿ ದಪ್ಪಗಾಗಿದ್ದಾಳೆ, ಯೆನಿ ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ಆಮೇಲೆ ಸುದ್ದಿ ನಿಂತಿತು. ಸಬೀನಾ ಒರತೆಯ ಹತ್ತಿರ ಕಸಿಮಿರಾ ಬಂದರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುತ್ತಿದ್ದಳು.

ನೆಲಿದಾ ನಾಲ್ಕನೇ ಕ್ಲಾಸು ಮುಗಿಸಿದಳು. ಎಲ್ಮೆರ್ ಪೇಟೆಗೆ ಹೋದ. ನೆಲಿದಾ ಅವನ ಹಿಂಡನ್ನು ಕಾಯಲು ಬೆಟ್ಟ ಹತ್ತಿದಳು. ಅವಳದೆಂದು ಹೇಳಲು ಅದರಲ್ಲಿ ಒಂದು ಮರಿಯೂ ಇರಲಿಲ್ಲ. ಓರಗೆಯ ಹುಡುಗಿಯರು ಅವಳಿಗೆ "ಸತ್ತೋಳು" ಎಂದು ಹೆಸರಿಟ್ಟಿದ್ದರು. "ಸತ್ತೋಳೇ, ನಿನ್ನ ಕುರಿ ನಮ್ಮ ಹೊಲಕ್ಕೆ ಬಂತು ನೋಡೇ." ಅವಳು ಅದಕ್ಕೆ ಓಗೊಡುತ್ತಿದ್ದಳು. ಅಭ್ಯಾಸವಾಗಿಬಿಟ್ಟಿತ್ತು. ಮದುವೆಗೆ ಕೇಳಿ ಬಂದವರು ಒಬ್ಬರೋ ಇಬ್ಬರೋ. ಜವಳದ ಹಿಂಡು ಇಲ್ಲ ಎಂದು ಗೊತ್ತಾದ ಮೇಲೆ ತಿರುಗಿ ಬರಲಿಲ್ಲ. ಬೆನಿತಾ ಸಾಯುವಾಗ ಮೊಮ್ಮಗಳ ತಲೆ ಸವರಿ, ಸೊಸೆಯ ಕಡೆ ನೋಡಿ, "ಅವಳನ್ನ ನನ್ನಂಗೇನೇ ಮಾಡಿದೆ ಅಲ್ವೇ ಕೊನೆಗೆ, ಲಿಮಾ ರಾಣಿ" ಎಂದಳು. ಬೈದಳೋ ಹೊಗಳಿದಳೋ, ಕಸಿಮಿರಾಗೆ ತಿಳಿಯಲಿಲ್ಲ.

ಕತ್ತರಿಸಿದ ಕೂದಲು ಒಲೆಯ ಮೇಲಿನ ಗೋಡೆಯ ಸಂದಿನಲ್ಲಿದೆ, ಹಳೆಯ ಕೆಂಪು ಕಂಬಳಿಯ ತುಂಡಿನಲ್ಲಿ ಕಟ್ಟಿ. ಮೊನ್ನೆ ಗೋಡೆ ಬಳಿಯುವಾಗ ಅದು ನೆಲಿದಾಳ ಕೈಗೆ ಸಿಕ್ಕಿತು. ಬಿಚ್ಚಿ ನೋಡಿದಳು. ಹೊಗೆ ಹಿಡಿದು ಕಪ್ಪಗಾದ ಗಂಟುಗಳು. ಒಂದನ್ನು ಬೆರಳಿಗೆ ಸುತ್ತಿಕೊಂಡು, ಹೊಸ್ತಿಲಲ್ಲಿ ನೂಲುತ್ತ ಕೂತಿದ್ದ ಅಮ್ಮನ ಕಡೆ ಬಂದಳು. ನೆಲಿದಾಳ ಬರಿಗಾಲು ಚಳಿಗೆ ಒಡೆದು, ಬಿರುಕಿನಲ್ಲಿ ಮಣ್ಣು ತುಂಬಿತ್ತು.

"ಅಮ್ಮಾ."

"ಏನ್ ಮಗಾ?"

"ಆ ಶೂ ನನ್ನ ಕಾಲಿಗೆ ಸರಿಯಾಗಿ ಆಗ್ತಿತ್ತು, ಅಲ್ವಾ?"

ಕಸಿಮಿರಾ ಕದಿರು ನಿಲ್ಲಿಸಲಿಲ್ಲ. ಎಳೆ ತುಂಡಾಗದ ಹಾಗೆ ಬೆರಳಲ್ಲಿ ಒತ್ತಿ ಹಿಡಿದಳು.

"ಆಗ್ತಿತ್ತು ಮಗಾ," ಎಂದಳು. "ನಿನಗೇ ಅಂತ ತಂದಿದ್ದು."

ನೆಲಿದಾ ಕೂದಲನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿ ಸಂದಿನೊಳಗೆ ಇಟ್ಟಳು. ಅದರ ಮೇಲೆ ಒಂದು ಹಿಡಿ ಹಸಿಮಣ್ಣು ಮೆತ್ತಿ, ಅಂಗೈಯಿಂದ ನುಣ್ಣಗೆ ತೀಡಿ, ಕುರಿ ಹೊಡೆದುಕೊಂಡು ಬರಲು ಬೆಟ್ಟಕ್ಕೆ ಹೋದಳು.